ಅಕ್ಕನ ಫೋನ್ ಕದ್ದು ಕೇಳಿದ್ದಾರೆ, ಪರಿಹಾರ ಕೇಳಿ ದಾವೆ ಹಾಕಬಹುದಾ?

ತುಂಗಾತೀರ
ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನನ್ನ ಅಕ್ಕ ಬೆಂಗಳೂರಿನಲ್ಲಿದ್ದಾಳೆ. ಡಿವೋರ್ಸ್ ಕೇಸು ಕುಟುಂಬ ನ್ಯಾಯಾಲಯದಲ್ಲಿ ನಡೆಯುತ್ತಿದೆ. ಹೋದ ತಿಂಗಳು ಗಂಡನ ಕಡೆಯವರು ಒಂದು ಪೆನ್‌ಡ್ರೈವ್ ಹಾಜರುಪಡಿಸಿದರು. ಗಂಡ ಹೆಂಡತಿ ಮಾತಾಡಿದ್ದಲ್ಲ ಅದು. ಅಕ್ಕ ಮತ್ತು ಅಮ್ಮ ಮಾತಾಡಿದ್ದು. ಅಮ್ಮ ಬಳೆ ಅಡ ಇಟ್ಟು ವಕೀಲರ ಫೀಸಿಗೆ ದುಡ್ಡು ಕಳಿಸಿದ್ದು, ಅಪ್ಪನಿಗೆ ಹೇಳಬೇಡ ಅಂದಿದ್ದು, ಎಲ್ಲ ಅದರಲ್ಲಿದೆ. ಅಕ್ಕ ತನ್ನ ವಕೀಲರ ಜೊತೆ ಮಾತಾಡಿದ ಒಂದು ಕರೆ ಕೂಡ ಇದೆ.

ಆಮೇಲೆ ಅಕ್ಕನ ಫೋನ್ ನೋಡಿದೆವು. ವಾಟ್ಸಾಪ್‌ನ ಲಿಂಕ್ ಆದ ಸಾಧನಗಳ ಪಟ್ಟಿಯಲ್ಲಿ ಅವಳದ್ದಲ್ಲದ ಒಂದು ಕಂಪ್ಯೂಟರ್ ಇತ್ತು. ಸೆಟ್ಟಿಂಗ್ಸ್ ಒಳಗೆ ‘ಸಿಸ್ಟಮ್ ಸರ್ವಿಸ್’ ಅಂತ ಹೆಸರಿಟ್ಟುಕೊಂಡ ಒಂದು ಆ್ಯಪ್. ಮೈಕ್, ಕಾಲ್, ಮೆಸೇಜ್ ಎಲ್ಲಕ್ಕೂ ಅದಕ್ಕೆ ಅನುಮತಿ.

ಠಾಣೆಗೆ ಹೋದರೆ ‘ಇದು ಫ್ಯಾಮಿಲಿ ಮ್ಯಾಟರ್, ಕೋರ್ಟಲ್ಲಿ ಕೇಸು ನಡೀತಿದೆಯಲ್ಲ, ಅಲ್ಲೇ ಹೇಳಿ’ ಅಂದರು. ಅಮ್ಮ ಈಗ ಫೋನಲ್ಲಿ ಊಟ ಆಯ್ತಾ, ಮಳೆ ಬಂತಾ ಅಷ್ಟೇ ಕೇಳೋದು. ಉಳಿದಿದ್ದೆಲ್ಲ ನೀನು ಊರಿಗೆ ಬಂದಾಗ ಅಂತಾಳೆ.

ನನ್ನ ಪ್ರಶ್ನೆ ಇಷ್ಟೇ. ಕ್ರಿಮಿನಲ್ ಕೇಸು ಒಂದು ಕಡೆ ಇರಲಿ. ಇದಕ್ಕೆ ಪರಿಹಾರ ಕೇಳಿ ಸಿವಿಲ್ ಆಗಿ ಹೋಗಬಹುದಾ? ಯಾರಾದರೂ ಹೋಗಿದ್ದೀರಾ?

ಗುಬ್ಬಚ್ಚಿ
ಓದಿ ತುಂಬಾ ಬೇಜಾರಾಯಿತು. ಮೊದಲು ಆ ಫೋನ್ ರೀಸೆಟ್ ಹೊಡೆಯಿರಿ. ಎಲ್ಲ ಪಾಸ್‌ವರ್ಡ್ ಬದಲಾಯಿಸಿ.

ಮೊಬೈಲ್_ರಿಪೇರಿ_ದಾವಣಗೆರೆ
ರೀಸೆಟ್ ಮಾಡಲೇಬೇಡಿ! ನನ್ನ ಅಂಗಡಿಗೆ ಇಂಥ ಫೋನ್‌ಗಳು ಬರುತ್ತಲೇ ಇರುತ್ತವೆ. ಮುಕ್ಕಾಲು ಜನ ಗಾಬರಿಯಲ್ಲಿ ರೀಸೆಟ್ ಮಾಡಿಕೊಂಡೇ ಬರುತ್ತಾರೆ. ಆಮೇಲೆ ಆ ಆ್ಯಪ್ ಇತ್ತು ಅಂತ ತೋರಿಸೋದಕ್ಕೆ ಏನೂ ಉಳಿದಿರೋದಿಲ್ಲ.

ಹೀಗೆ ಮಾಡಿ. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿದೆಯಾ ನೋಡಿ. ಇನ್ನೊಂದು ಫೋನಿನಿಂದ ಸ್ಕ್ರೀನ್‌ಗಳ ಫೋಟೋ, ವಿಡಿಯೋ ತೆಗೆಯಿರಿ: ಲಿಂಕ್ ಆದ ಸಾಧನಗಳ ಪಟ್ಟಿ, ಆ್ಯಪ್ ಇನ್‌ಸ್ಟಾಲ್ ಆದ ದಿನಾಂಕ, ಅದಕ್ಕೆ ಕೊಟ್ಟ ಅನುಮತಿಗಳು, ಆಕ್ಸೆಸಿಬಿಲಿಟಿ ಪಟ್ಟಿ, ಡಿವೈಸ್ ಅಡ್ಮಿನ್ ಪಟ್ಟಿ. ಕಾಲ್ ಫಾರ್ವರ್ಡಿಂಗ್ ಸೆಟ್ಟಿಂಗೂ ನೋಡಿ. ಆಮೇಲೆ ಫೊರೆನ್ಸಿಕ್ ಇಮೇಜ್ (ಫೋನಿನ ಒಳಗಿರುವುದರ ಯಥಾವತ್ ಪ್ರತಿ) ಮಾಡುವವರ ಹತ್ತಿರ ಕೊಡಿ. ಅವರು ಹ್ಯಾಷ್ ಮೌಲ್ಯ, ಅಂದರೆ ಆ ಪ್ರತಿ ಆಮೇಲೆ ಬದಲಾಗಿಲ್ಲ ಅಂತ ತೋರಿಸುವ ಗುರುತು, ಬರೆದುಕೊಡುತ್ತಾರೆ. ಅಕ್ಕ ಬೇರೆ ಹೊಸ ಫೋನ್ ಬಳಸಲಿ. ಹಳೆಯದರಿಂದ ಬ್ಯಾಕಪ್ ತರಬೇಡಿ, ಅದರ ಜೊತೆ ಕಸವೂ ಬರುತ್ತದೆ.

ಗುಬ್ಬಚ್ಚಿ
ಸರಿ, ಆದರೆ ಹೊಸ ಫೋನ್‌ನಿಂದ ಪಾಸ್‌ವರ್ಡ್ ಬದಲಾಯಿಸೋದು ಇವತ್ತೇ ಆಗಬೇಕು. ಗೂಗಲ್ ಖಾತೆ ಮೊದಲು.

ಮೊಬೈಲ್_ರಿಪೇರಿ_ದಾವಣಗೆರೆ
ಹೌದು, ಅದು ಸರಿ. ಯಾವ ಸಾಧನಗಳಿಂದ ಲಾಗಿನ್ ಆಗಿದೆ ಅನ್ನೋ ಪಟ್ಟಿಯ ಫೋಟೋ ತೆಗೆದುಕೊಂಡು ಆಮೇಲೆ ಬದಲಾಯಿಸಿ.

ನೇರಮಾತು
ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. ಗಂಡ ಹೆಂಡತಿಯ ಫೋನ್ ರೆಕಾರ್ಡ್ ಮಾಡಿದರೆ ತಪ್ಪಿಲ್ಲ ಅಂತ ಸುಪ್ರೀಂ ಕೋರ್ಟೇ 2025ರಲ್ಲಿ ಹೇಳಿಬಿಟ್ಟಿದೆ. ಕೇಸು ಮುಗಿದ ಹಾಗೆ.

ಕರಿಕೋಟು_ಧಾರವಾಡ
ಸುಪ್ರೀಂ ಕೋರ್ಟ್ ಹಾಗೆ ಹೇಳಿಲ್ಲ. ಈ ತಪ್ಪು ಕಲ್ಪನೆ ಎಲ್ಲ ಕಡೆ ಓಡಾಡುತ್ತಿದೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಾನು ವಕೀಲ, ಸಿವಿಲ್ ಕಡೆ ಜಾಸ್ತಿ ಕೆಲಸ.

ವಿಭೋರ್ ಗರ್ಗ್ ಪ್ರಕರಣದ ತೀರ್ಪು ಬಂದಿದ್ದು 2025ರ ಜುಲೈ 14ಕ್ಕೆ. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ ಅವರ ಪೀಠ. ಅಲ್ಲಿದ್ದದ್ದು ಗಂಡ ತಾನು ಹೆಂಡತಿಯ ಜೊತೆ ಆಡಿದ ಮಾತನ್ನು ತಾನೇ ರೆಕಾರ್ಡ್ ಮಾಡಿದ ವಿಚಾರ. ಡಿವೋರ್ಸ್ ಕೇಸಿನಲ್ಲಿ ಅದನ್ನು ಸಾಕ್ಷ್ಯವಾಗಿ ನೋಡಬಹುದಾ ಅನ್ನೋದೇ ಪ್ರಶ್ನೆ. ನೋಡಬಹುದು ಅಂದರು. ಇಲ್ಲಿ ಹಾಗಲ್ಲ. ಮಾತಾಡಿದವರು ಇಬ್ಬರು, ತಾಯಿ ಮತ್ತು ಮಗಳು. ಕದ್ದು ಕೇಳಿದವನು ಮೂರನೆಯವನು. ತನ್ನ ಮಾತನ್ನು ತಾನೇ ರೆಕಾರ್ಡ್ ಮಾಡೋದು ಬೇರೆ, ಬೇರೆಯವರ ಮಾತಿನ ನಡುವೆ ಕಿವಿ ಇಡೋದು ಬೇರೆ.

ಇನ್ನೊಂದು ಮುಖ್ಯ ವಿಷಯ. ಸಾಕ್ಷ್ಯ ಒಪ್ಪುತ್ತಾರೆ ಅಂದ ಮಾತ್ರಕ್ಕೆ ಅದನ್ನು ತಂದ ದಾರಿ ಸರಿ ಅಂತ ಆಗೋದಿಲ್ಲ. ಅಕ್ರಮವಾಗಿ ತಂದ ಸಾಕ್ಷ್ಯವನ್ನೂ ನೋಡಬಹುದು ಅಂತ 1972ರ ಮಲ್ಕಾನಿ ತೀರ್ಪಿನಿಂದ ನಡೆದು ಬಂದಿದೆ. ಕುಟುಂಬ ನ್ಯಾಯಾಲಯ ಕಾಯ್ದೆಯ 14ನೇ ಕಲಂ ಅದಕ್ಕಿಂತ ಸಡಿಲ. ಹಾಗಾಗಿ ಆ ಪೆನ್‌ಡ್ರೈವ್ ಅಲ್ಲಿ ಒಳಗೆ ಬರಬಹುದು, ಅದಕ್ಕೆ ತಯಾರಿರಿ. ಆದರೆ ಅದನ್ನು ಹೇಗೆ ಪಡೆದೆ, ಅದಕ್ಕೆ ಏನು ತೆರುತ್ತೀಯ ಅನ್ನೋದು ಬೇರೆ ಕಡೆ ಕೇಳುವ ಪ್ರಶ್ನೆ. ವಕೀಲರ ಜೊತೆಗಿನ ಕರೆಗೆ ಮಾತ್ರ ಇವತ್ತೇ ಬರವಣಿಗೆಯಲ್ಲಿ ಆಕ್ಷೇಪಣೆ ಹಾಕಿ. ಕಕ್ಷಿದಾರ ಮತ್ತು ವಕೀಲರ ಮಾತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಅಡಿ ರಕ್ಷಣೆ ಇದೆ.

ಪರಿಹಾರದ ಬಗ್ಗೆ ರಾತ್ರಿ ಬರೆಯುತ್ತೇನೆ, ಈಗ ಕೋರ್ಟಿಗೆ ಹೊರಟಿದ್ದೇನೆ.

ನೇರಮಾತು
ಕಾನೂನು ಪುಸ್ತಕ ಏನೇ ಹೇಳಲಿ, ನಮ್ಮಲ್ಲಿ ಇಂಥದ್ದಕ್ಕೆ ಯಾರಿಗೆ ದುಡ್ಡು ಸಿಕ್ಕಿದೆ? ಒಂದು ಉದಾಹರಣೆ ಕೊಡಿ.

ಹಳೇ_ಪೇಪರ್
ನಮ್ಮ ರಾಜ್ಯದಲ್ಲಿ ಫೋನ್ ಕದ್ದು ಕೇಳಿದ್ದಕ್ಕೆ ಮುಖ್ಯಮಂತ್ರಿ ಕುರ್ಚಿಯೇ ಹೋಗಿದೆ. 1988ರ ಆಗಸ್ಟ್. ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು, ಬೊಮ್ಮಾಯಿ ಬಂದರು. ದೇವೇಗೌಡರು ಮತ್ತು ಅಜಿತ್ ಸಿಂಗ್ ಮಾತಾಡಿದ್ದು ಪತ್ರಿಕೆಗಳಲ್ಲಿ ಬಂದಾಗ ಶುರುವಾದ ಗಲಾಟೆ. ಆಗ ನಮ್ಮ ಬೀದಿಯಲ್ಲಿ ಫೋನ್ ಇದ್ದದ್ದೇ ಎರಡು ಮನೆಯಲ್ಲಿ. ಆದರೂ ಎಲ್ಲರ ಬಾಯಲ್ಲೂ ಅದೇ ಮಾತು.

ಪಶ್ಚಿಮಘಟ್ಟ
ಹೆಗಡೆಯವರದ್ದು ನೈತಿಕ ಹೊಣೆ ಹೊತ್ತು ಕೊಟ್ಟ ರಾಜೀನಾಮೆ. ಅದನ್ನೂ ನೋಡಬೇಕು. ಈಗ ಯಾರು ಕೊಡುತ್ತಾರೆ?

ಹಳೇ_ಪೇಪರ್
ನೈತಿಕ ಹೊಣೆ ಹೊತ್ತರು, ಸರಿ. ಆದರೆ ಮಾತು ಕದ್ದು ಕೇಳಿಸಿಕೊಂಡವರಿಗೆ ಏನು ಸಿಕ್ಕಿತು? ನಾನು ಕೇಳುತ್ತಿರುವುದು ಅದನ್ನೇ. 2019ರಲ್ಲಿ ಬೆಂಗಳೂರಿನ ಫೋನ್ ಟ್ಯಾಪಿಂಗ್ ಆರೋಪ ಸಿಬಿಐವರೆಗೆ ಹೋಯಿತು. ಚರ್ಚೆ ಎಲ್ಲ ಯಾವ ಪಕ್ಷಕ್ಕೆ ಲಾಭ ಅನ್ನೋದರ ಮೇಲೇ ನಡೆಯಿತು. ಟ್ಯಾಪ್ ಆದ ಫೋನಿನ ಆ ತುದಿಯಲ್ಲಿ ಮಾತಾಡಿದ ಸಾಮಾನ್ಯ ಜನರ ವಿಷಯ ಯಾರೂ ಎತ್ತಲಿಲ್ಲ.

ಗುಬ್ಬಚ್ಚಿ
ರಾಜಕೀಯ ಬಿಡ್ರಪ್ಪಾ, ಪಾಪ ಅವರ ಅಕ್ಕನ ವಿಷಯ ಮಾತಾಡಿ.

ಲಂಡನ್_ಮಂಡ್ಯ
ನೇರಮಾತು ಅವರೇ, ಉದಾಹರಣೆ ಕೇಳಿದ್ದೀರಿ. ನಮ್ಮ ದೇಶದ್ದಲ್ಲ, ಆದರೆ ಕೇಳಿ. ನಾನಿರುವ ಇಂಗ್ಲೆಂಡಿನಲ್ಲಿ ಪೊಲೀಸರು ಮುಚ್ಚಿಟ್ಟ ಫೈಲನ್ನು ತೆಗೆಸಿದ್ದೇ ಸಿವಿಲ್ ದಾವೆಗಳು.

‘ನ್ಯೂಸ್ ಆಫ್ ದಿ ವರ್ಲ್ಡ್’ ಅನ್ನೋ ಭಾನುವಾರದ ಪತ್ರಿಕೆ. ಜನರ ವಾಯ್ಸ್‌ಮೇಲ್ (ಕರೆ ಎತ್ತದಿದ್ದಾಗ ಬಿಟ್ಟ ದನಿ ಸಂದೇಶ) ಕದ್ದು ಕೇಳುತ್ತಿದ್ದರು. ದೊಡ್ಡ ತಂತ್ರಜ್ಞಾನ ಏನೂ ಬೇಕಿರಲಿಲ್ಲ, ಎಷ್ಟೋ ಜನ ಕಂಪನಿ ಕೊಟ್ಟ ಪಿನ್ ಬದಲಾಯಿಸಿಯೇ ಇರಲಿಲ್ಲ. 2007ರಲ್ಲಿ ವರದಿಗಾರ ಕ್ಲೈವ್ ಗುಡ್‌ಮನ್ ಮತ್ತು ಪತ್ತೇದಾರ ಗ್ಲೆನ್ ಮುಲ್ಕೇರ್ ಜೈಲಿಗೆ ಹೋದರು. ಒಬ್ಬ ದಾರಿ ತಪ್ಪಿದ ವರದಿಗಾರ ಅಷ್ಟೇ ಅಂತ ಕಂಪನಿ ಹೇಳಿತು. ಪೊಲೀಸರೂ ಅಲ್ಲಿಗೇ ನಿಲ್ಲಿಸಿದರು. ಮುಲ್ಕೇರ್ ಮನೆಯಿಂದ ತಂದ ಕೈಬರಹದ ಟಿಪ್ಪಣಿ 11,000 ಪುಟಕ್ಕೂ ಜಾಸ್ತಿ ಇತ್ತು. ಅದು ಪೊಲೀಸರ ಹತ್ತಿರವೇ ಬಿದ್ದಿತ್ತು.

ಆಮೇಲೆ ಫುಟ್‌ಬಾಲ್ ಆಟಗಾರರ ಸಂಘದ ಗಾರ್ಡನ್ ಟೇಲರ್ ಸಿವಿಲ್ ದಾವೆ ಹಾಕಿದರು. ದಾಖಲೆ ಹಾಜರುಪಡಿಸಿ ಅಂತ ಕೋರ್ಟ್ ಹೇಳಿದಾಗ ಒಂದು ಇಮೇಲ್ ಹೊರಬಂತು. ಕದ್ದು ಕೇಳಿದ 35 ವಾಯ್ಸ್‌ಮೇಲ್‌ಗಳನ್ನು ಅಕ್ಷರಕ್ಕಿಳಿಸಿ ‘ನೆವಿಲ್‌ಗೆ’ ಅಂತ ಕಳಿಸಿದ್ದು. ನೆವಿಲ್ ಅಂದರೆ ಅದೇ ಪತ್ರಿಕೆಯ ಇನ್ನೊಬ್ಬ ವರದಿಗಾರ. ಒಬ್ಬನೇ ವರದಿಗಾರ ಅನ್ನೋ ಕಥೆ ಅಲ್ಲಿಗೆ ಬಿದ್ದುಹೋಯಿತು. 2008ರಲ್ಲಿ ಕಂಪನಿ ಸದ್ದಿಲ್ಲದೆ 4,25,000 ಪೌಂಡ್ ಪರಿಹಾರ ಕೊಟ್ಟು ರಾಜಿ ಮಾಡಿಕೊಂಡಿತು. ಅದು 2009ರಲ್ಲಿ ಗಾರ್ಡಿಯನ್‌ನಲ್ಲಿ ಬಯಲಾಯಿತು. ಮುಲ್ಕೇರ್ ತನ್ನ ಟಿಪ್ಪಣಿಯ ಪ್ರತಿ ಪುಟದ ಎಡಮೂಲೆಯಲ್ಲಿ ಕೆಲಸ ಕೊಟ್ಟವರ ಮೊದಲ ಹೆಸರು ಗೀಚಿಡುತ್ತಿದ್ದ. ನಟಿ ಸಿಯೆನ್ನಾ ಮಿಲ್ಲರ್ ಅವರ ದಾವೆಯಲ್ಲಿ ಆ ಮೂಲೆಯ ಹೆಸರುಗಳೇ ಮುಖ್ಯವಾದವು. 2011ರ ಜುಲೈನಲ್ಲಿ, ಕೊಲೆಯಾದ ಬಾಲಕಿ ಮಿಲ್ಲಿ ಡೌಲರ್ ಫೋನಿಗೂ ಕೈ ಹಾಕಿದ್ದರು ಅಂತ ಗೊತ್ತಾದಾಗ ದೇಶವೇ ಸಿಡಿದೆದ್ದಿತು. 168 ವರ್ಷದ ಪತ್ರಿಕೆ ಒಂದೇ ವಾರದಲ್ಲಿ ಮುಚ್ಚಿತು.

ಪೊಲೀಸರು ಮಾಡಲ್ಲ ಅಂದರೆ ದಾರಿ ಮುಗಿಯಿತು ಅಂತ ಅಲ್ಲ. ಸಿವಿಲ್ ದಾವೆಯಲ್ಲಿ ಎದುರಾಳಿಯ ಪೆಟ್ಟಿಗೆ ತೆರೆಸಬಹುದು.

ನೇರಮಾತು
ಅವರೆಲ್ಲ ನಟಿಯರು, ಆಟಗಾರರು. ದುಡ್ಡಿದೆ, ವಕೀಲರಿದ್ದಾರೆ. ಬಳೆ ಅಡ ಇಟ್ಟ ತಾಯಿಗೆ ಈ ಕಥೆಯಿಂದ ಏನು ಬಂತು?

ಲಂಡನ್_ಮಂಡ್ಯ
ಒಪ್ಪುತ್ತೇನೆ. ದುಡ್ಡಿದ್ದವರಿಗೂ ಇದು ಸುಲಭ ಇಲ್ಲ. ನಟ ಹ್ಯೂ ಗ್ರಾಂಟ್ 2024ರಲ್ಲಿ ‘ದಿ ಸನ್’ ಪತ್ರಿಕೆಯ ಕಂಪನಿ ಜೊತೆ ರಾಜಿ ಮಾಡಿಕೊಂಡರು. ಕಂಪನಿ ಕೊನೆಯವರೆಗೂ ಆರೋಪ ಒಪ್ಪಲಿಲ್ಲ. ಅವರು ಹೇಳಿದ ಕಾರಣ ಏನು ಗೊತ್ತಾ? ಎದುರಿನವರು ಮುಂದಿಟ್ಟ ಮೊತ್ತಕ್ಕಿಂತ ಕೋರ್ಟ್ ಒಂದು ಪೈಸೆ ಕಮ್ಮಿ ಕೊಟ್ಟರೂ ಇಬ್ಬರ ವಕೀಲರ ಖರ್ಚನ್ನೂ ಇವರೇ ಕಟ್ಟಬೇಕು. ಅದು ಒಂದು ಕೋಟಿ ಪೌಂಡ್ ಹತ್ತಿರ ಹೋಗಬಹುದಿತ್ತು. ಗೆಲ್ಲುವ ಕೇಸನ್ನೂ ಬಿಡುವಂಥ ನಿಯಮ ಇದು. ನನಗೆ ಈಗಲೂ ಸಿಟ್ಟು ಬರುತ್ತದೆ.

ಆದರೆ ಪರಿಹಾರ ಲೆಕ್ಕ ಹಾಕುವ ರೀತಿ ನಿಮಗೆ ಉಪಯೋಗ ಆಗಬಹುದು. 2015ರ ಗುಲಾಟಿ ಪ್ರಕರಣದಲ್ಲಿ ಮಿರರ್ ಪತ್ರಿಕೆಗಳ ಕಂಪನಿ ಎಂಟು ಜನಕ್ಕೆ ಹತ್ತಿರ ಹತ್ತಿರ 12 ಲಕ್ಷ ಪೌಂಡ್ ಕೊಡಬೇಕಾಯಿತು. ಮನಸ್ಸಿಗೆ ನೋವಾಗಿದ್ದಕ್ಕೆ ಮಾತ್ರ ದುಡ್ಡು ಅಂತ ಕಂಪನಿ ವಾದಿಸಿತ್ತು. ನ್ಯಾಯಾಧೀಶರು ಒಪ್ಪಲಿಲ್ಲ. ಖಾಸಗಿ ಬದುಕಿಗೆ ಕೈ ಹಾಕಿದ್ದೇ ಒಂದು ನಷ್ಟ, ಅದಕ್ಕೇ ಬೇರೆ ಬೆಲೆ ಕಟ್ಟಬೇಕು ಅಂದರು. ಮೇಲ್ಮನವಿಯಲ್ಲೂ ಅದೇ ಉಳಿಯಿತು. ಪ್ರಿನ್ಸ್ ಹ್ಯಾರಿಗೆ 2023ರಲ್ಲಿ 1,40,600 ಪೌಂಡ್ ಸಿಕ್ಕಿದ್ದೂ ಅದೇ ಕಂಪನಿಯಿಂದ.

ಬೇಏರಿಯಾ_ಕನ್ನಡತಿ
ಇಲ್ಲಿ ಅಮೆರಿಕದಲ್ಲಿ ಮೊತ್ತವನ್ನು ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. ಫೆಡರಲ್ ವೈರ್‌ಟ್ಯಾಪ್ ಕಾನೂನಿನಲ್ಲಿ ದಿನಕ್ಕೆ 100 ಡಾಲರ್ ಅಥವಾ ಒಟ್ಟು 10,000 ಡಾಲರ್, ಯಾವುದು ಜಾಸ್ತಿಯೋ ಅದನ್ನು ಕೋರ್ಟ್ ಕೊಡಿಸಬಹುದು. ಎಷ್ಟು ನಷ್ಟ ಆಯ್ತು ಅಂತ ರಸೀದಿ ತೋರಿಸಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಂದೊಂದು ಉಲ್ಲಂಘನೆಗೆ 5,000 ಡಾಲರ್. ಇಲ್ಲಿ ಗುಟ್ಟಾದ ಮಾತು ರೆಕಾರ್ಡ್ ಮಾಡಬೇಕಾದರೆ ಎಲ್ಲರ ಒಪ್ಪಿಗೆ ಬೇಕು.

‘ಫ್ಯಾಮಿಲಿ ಮ್ಯಾಟರ್’ ಅನ್ನೋ ಮಾತು ಇಲ್ಲೂ ಇತ್ತು. 1974ರಲ್ಲಿ ಸಿಂಪ್ಸನ್ ಪ್ರಕರಣದಲ್ಲಿ, ಗಂಡ ತನ್ನ ಮನೆಯ ಫೋನಿಗೇ ಟ್ಯಾಪ್ ಹಾಕಿದರೆ ಈ ಕಾನೂನು ಬರೋದಿಲ್ಲ ಅಂತ ಒಂದು ಮೇಲ್ಮನವಿ ಕೋರ್ಟ್ ಹೇಳಿತ್ತು. ಕೆಲವು ರಾಜ್ಯಗಳು ಎಷ್ಟೋ ವರ್ಷ ಅದರಡಿ ಬದುಕಿದವು. 2003ರಲ್ಲಿ ಗ್ಲೇಜ್ನರ್ ಪ್ರಕರಣದಲ್ಲಿ ಹನ್ನೊಂದನೇ ಸರ್ಕಿಟ್ ಕೋರ್ಟ್ (ಅದೂ ಮೇಲ್ಮನವಿ ಕೋರ್ಟೇ) ಅದನ್ನು ತೆಗೆದುಹಾಕಿತು. ಅಲ್ಲಿಯೂ ಡಿವೋರ್ಸ್ ಕೇಸೇ, ಗಂಡ ಫೋನಿಗೆ ರೆಕಾರ್ಡರ್ ಹಚ್ಚಿದ್ದ. ಹೆಂಡತಿ ಬೇರೆಯವರ ಜೊತೆ ಮಾತಾಡಿದ್ದೂ ಅದರಲ್ಲಿ ಸೇರಿತ್ತು. ನಿಮ್ಮ ಅಕ್ಕನ ಕಥೆ ಓದಿದಾಗ ನನಗೆ ಅದೇ ನೆನಪಾಯಿತು.

ಇನ್ನೊಂದು ವಿಷಯ ದಯವಿಟ್ಟು ಗಮನಿಸಿ. ಯಾರ ಮಾತು ಕದ್ದು ಕೇಳಿದ್ದಾರೋ ಆ ‘ಯಾವುದೇ ವ್ಯಕ್ತಿ’ ದಾವೆ ಹಾಕಬಹುದು ಅಂತ ಇಲ್ಲಿನ ಕಾನೂನು ಹೇಳುತ್ತದೆ. ಫೋನ್ ಯಾರದ್ದು ಅಂತ ಕೇಳೋದಿಲ್ಲ. ಅಂದರೆ ಅಮ್ಮನೂ ವಾದಿ ಆಗಬಹುದು. ಭಾರತದಲ್ಲಿ ಹೇಗೆ?

ಸಿಲಿಕಾನ್_ಸಿಂಗಾರಿ
ಐಫೋನಿನ ದನಿ ಸಹಾಯಕ ‘ಸಿರಿ’ ಜನರ ಮಾತು ಕೇಳಿಸಿಕೊಂಡಿದ್ದಕ್ಕೆ ಆ್ಯಪಲ್ 9.5 ಕೋಟಿ ಡಾಲರ್ ರಾಜಿ ಮಾಡಿಕೊಂಡಿತಲ್ಲ, ನಮ್ಮ ಅಪಾರ್ಟ್‌ಮೆಂಟಿನ ಎಲ್ಲರೂ ಕ್ಲೇಮ್ ಹಾಕಿದರು. ಒಂದು ಸಾಧನಕ್ಕೆ ಹೆಚ್ಚೆಂದರೆ 20 ಡಾಲರ್.

ಬೇಏರಿಯಾ_ಕನ್ನಡತಿ
ಹೌದು, ಕಂಪನಿ ತಪ್ಪು ಒಪ್ಪಿಕೊಳ್ಳದೆ ಮಾಡಿಕೊಂಡ ರಾಜಿ ಅದು. ನನಗೂ ಆ ಇಮೇಲ್ ಬಂದಿತ್ತು. ಆದರೆ ತಾಯಿ ಮಗಳ ಮಾತಿಗೆ 20 ಡಾಲರ್ ಅಲ್ಲ ಬೆಲೆ. ದಯವಿಟ್ಟು ಎರಡನ್ನೂ ಬೆರೆಸಬೇಡಿ.

ಕೋಡ್_ಕುಂದಾಪುರ
ಫೋನಿಗೆ ನುಗ್ಗುವ ಬೇಹು ತಂತ್ರಾಂಶ ಪೆಗಾಸಸ್ ವಿಷಯ ಯಾರೂ ಎತ್ತಲಿಲ್ಲ. ಅದನ್ನು ಮಾಡಿದ ಎನ್‌ಎಸ್‌ಓ ಕಂಪನಿ ಮೇಲೆ ವಾಟ್ಸಾಪ್ 2019ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿವಿಲ್ ದಾವೆ ಹಾಕಿತು. ಸುಮಾರು 1,400 ಜನರ ಫೋನ್‌ಗೆ ನುಗ್ಗಿದ್ದಾರೆ ಅಂತ. 2025ರ ಮೇ ತಿಂಗಳಲ್ಲಿ ಜ್ಯೂರಿ 16.7 ಕೋಟಿ ಡಾಲರ್‌ಗೂ ಜಾಸ್ತಿ ದಂಡನಾ ಪರಿಹಾರ ಕೊಡಿ ಅಂತ ಹೇಳಿತು. ನ್ಯಾಯಾಧೀಶರು ಅಕ್ಟೋಬರ್‌ನಲ್ಲಿ ಅದನ್ನು ಸುಮಾರು 40 ಲಕ್ಷ ಡಾಲರ್‌ಗೆ ಇಳಿಸಿದರು. ಆದರೆ ವಾಟ್ಸಾಪ್ ಬಳಸುವವರ ಮೇಲೆ ಮತ್ತೆ ಕೈ ಹಾಕಬಾರದು ಅಂತ ಶಾಶ್ವತ ತಡೆ ಕೊಟ್ಟರು.

ಇಲ್ಲಿ ನಮ್ಮ ಸುಪ್ರೀಂ ಕೋರ್ಟ್ 2021ರಲ್ಲಿ ಸಮಿತಿ ಮಾಡಿತು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಗಿದ್ದ ಆರ್.ವಿ. ರವೀಂದ್ರನ್ ಅದರ ಮೇಲ್ವಿಚಾರಕರು. 29 ಫೋನ್ ನೋಡಿದರು. ಐದರಲ್ಲಿ ಏನೋ ಮಾಲ್‌ವೇರ್ ಸಿಕ್ಕಿತು, ಪೆಗಾಸಸ್ಸೇ ಅಂತ ಖಚಿತ ಆಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಅಂತ ಸಮಿತಿಯೇ ಹೇಳಿತು. ಪರಿಹಾರದ ಮಾತೇ ಬರಲಿಲ್ಲ.

ಪಶ್ಚಿಮಘಟ್ಟ
ವಾಟ್ಸಾಪ್ ಗೆದ್ದ ದುಡ್ಡೂ ಕಂಪನಿಗೇ ಅಲ್ವಾ? ಆ 1,400 ಜನಕ್ಕೆ ಅದರಲ್ಲಿ ಏನಿದೆ?

ಕೋಡ್_ಕುಂದಾಪುರ
ಹೌದು, ದಾವೆ ಹಾಕಿದ್ದು ಕಂಪನಿ. ಜನರಿಗೆ ತಡೆಯಾಜ್ಞೆಯ ರಕ್ಷಣೆ ಸಿಕ್ಕಿತು ಅಷ್ಟೇ.

ಕರಿಕೋಟು_ಧಾರವಾಡ
ಈಗ ಪರಿಹಾರದ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ದಾರಿ ಇದೆ, ಜನ ಅದರಲ್ಲಿ ನಡೆಯೋದು ಕಮ್ಮಿ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 43ನೇ ಕಲಂ ಓದಿ. ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರ್ ಒಳಗೆ ಹೋಗುವುದು, ಅದರಿಂದ ಮಾಹಿತಿ ನಕಲು ಮಾಡುವುದು, ಅದಕ್ಕೆ ವೈರಸ್‌ನಂಥದ್ದು ಹಾಕುವುದು, ಎಲ್ಲಕ್ಕೂ ‘ತೊಂದರೆಗೊಳಗಾದ ವ್ಯಕ್ತಿಗೆ’ ಪರಿಹಾರ ಕೊಡಬೇಕು ಅಂತ ಇದೆ. ಫೋನೂ ಅದರಲ್ಲಿ ಬರುತ್ತದೆ. ಇದು ಸಿವಿಲ್ ಹೊಣೆ. ಎಫ್‌ಐಆರ್ ಇರಲೇಬೇಕು ಅಂತಿಲ್ಲ.

ದೂರು ಕೊಡಬೇಕಾದ್ದು ಸಿವಿಲ್ ಕೋರ್ಟಿಗೆ ಅಲ್ಲ. 46ನೇ ಕಲಂ ಅಡಿ ನ್ಯಾಯನಿರ್ಣಯ ಅಧಿಕಾರಿ ಅಂತ ಇರುತ್ತಾರೆ. ಪ್ರತಿ ರಾಜ್ಯದಲ್ಲೂ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯೇ ಆ ಅಧಿಕಾರಿ. 5 ಕೋಟಿ ರೂಪಾಯಿವರೆಗಿನ ಕ್ಲೇಮ್ ಅವರ ಮುಂದೆ. ಅವರ ವ್ಯಾಪ್ತಿಗೆ ಬರುವ ವಿಷಯಕ್ಕೆ ಸಿವಿಲ್ ಕೋರ್ಟ್ ಕೈ ಹಾಕುವಂತಿಲ್ಲ ಅಂತ 61ನೇ ಕಲಂ ಹೇಳುತ್ತದೆ. ಎಷ್ಟೋ ಜನ ಸಿವಿಲ್ ಕೋರ್ಟಿಗೆ ಹೋಗಿ ಅಲ್ಲಿಂದ ವಾಪಸ್ ಬರುತ್ತಾರೆ, ವರ್ಷ ಹಾಳು.

ಶುಲ್ಕ 2003ರ ನಿಯಮದಲ್ಲಿದೆ. ಒಂದು ಲಕ್ಷ ದಾಟಿದ ಕ್ಲೇಮ್‌ಗೆ 5,000 ರೂಪಾಯಿ, ಜೊತೆಗೆ ಲಕ್ಷದ ಮೇಲಿನ ಮೊತ್ತಕ್ಕೆ ಶೇ 2. ಹತ್ತು ಲಕ್ಷ ಕೇಳಿದರೆ 23,000 ಆಯಿತು. ಆದಷ್ಟು ಮಟ್ಟಿಗೆ ಆರು ತಿಂಗಳಲ್ಲಿ ಮುಗಿಸಬೇಕು ಅಂತ ಅದೇ ನಿಯಮ ಹೇಳುತ್ತದೆ. ಆದೇಶ ಒಪ್ಪಿಗೆ ಇಲ್ಲದಿದ್ದರೆ 45 ದಿನದೊಳಗೆ ದೆಹಲಿಯ ಟೆಲಿಕಾಂ ನ್ಯಾಯಮಂಡಳಿ ಟಿಡಿಸ್ಯಾಟ್‌ಗೆ ಮೇಲ್ಮನವಿ, ಅದರ ಮೇಲೆ ಹೈಕೋರ್ಟ್.

ಲಂಡನ್_ಮಂಡ್ಯ ಅವರು ಪೆಟ್ಟಿಗೆ ತೆರೆಸುವ ಮಾತು ಹೇಳಿದರಲ್ಲ, ಆ ಅಧಿಕಾರ ಇಲ್ಲೂ ಇದೆ. ಸಾಕ್ಷಿ ಕರೆಸುವುದು, ದಾಖಲೆ ಮತ್ತು ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸಿ ಅನ್ನುವುದು, ಸಿವಿಲ್ ಕೋರ್ಟಿನ ಅಧಿಕಾರಗಳು ಈ ಅಧಿಕಾರಿಗೂ ಉಂಟು. ಆ ಲಿಂಕ್ ಆದ ಕಂಪ್ಯೂಟರ್ ಎಲ್ಲಿದೆ, ತನ್ನಿ ಅಂತ ಕೇಳಬಹುದು.

ನೇರಮಾತು
ಐಎಎಸ್ ಅಧಿಕಾರಿ ನ್ಯಾಯಾಧೀಶರಾ? ಅವರಿಗೆ ನೂರು ಮೀಟಿಂಗ್ ಇರುತ್ತದೆ. ಆರು ತಿಂಗಳು ಅನ್ನೋದು ಕಾಗದದ ಮೇಲೆ.

ಕರಿಕೋಟು_ಧಾರವಾಡ
ನಿಮ್ಮ ಆಕ್ಷೇಪ ಸರಿಯಾಗಿದೆ. ಇದನ್ನೇ ಕೆಲಸ ಮಾಡಿಕೊಂಡ ಪೂರ್ಣಾವಧಿ ಅಧಿಕಾರಿ ಬೇಕು ಅಂತ ನಾನೂ ಹೇಳುತ್ತೇನೆ. ಆದರೆ ಯಾರೂ ಹೋಗದಿದ್ದರೆ ಆ ಕುರ್ಚಿಗೆ ಪೂರ್ಣಾವಧಿ ಅಧಿಕಾರಿ ಯಾಕೆ ಬೇಕು ಅಂತಲೇ ಸರ್ಕಾರ ಕೇಳುತ್ತದೆ.

ಕಾಫಿತೋಟ
ಹೊಸ ಡೇಟಾ ಕಾಯ್ದೆ ಬಂತಲ್ಲ, 250 ಕೋಟಿ ದಂಡ ಅಂತ ಪೇಪರಲ್ಲಿ ಓದಿದೆ. ಅದರಲ್ಲಿ ಹೋಗಬಹುದಲ್ಲ? ಮತ್ತೆ 66ಇ ಅಂತ ಒಂದು ಕಲಂ ಖಾಸಗಿತನಕ್ಕೇ ಇದೆ.

ಕರಿಕೋಟು_ಧಾರವಾಡ
66ಇ ಖಾಸಗಿ ಅಂಗದ ಚಿತ್ರ ತೆಗೆಯುವುದಕ್ಕೆ ಸಂಬಂಧಿಸಿದ್ದು, ಕರೆಗಳಿಗೆ ಅಲ್ಲ. 2023ರ ಡೇಟಾ ಕಾಯ್ದೆಯಲ್ಲಿ ದಂಡ ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಖಜಾನೆಗೆ, ಹೋಗುತ್ತದೆ, ನಿಮಗೆ ಒಂದು ರೂಪಾಯಿ ಬರೋದಿಲ್ಲ. ಮನೆಯ ಅಥವಾ ವೈಯಕ್ತಿಕ ಉದ್ದೇಶಕ್ಕೆ ವ್ಯಕ್ತಿಯೊಬ್ಬ ಮಾಡಿದ್ದಕ್ಕೆ ಆ ಕಾಯ್ದೆಯೇ ಅನ್ವಯ ಆಗೋದಿಲ್ಲ. ಗಂಡ ಅದರ ಹಿಂದೆ ಅಡಗಿಕೊಳ್ಳುತ್ತಾನೆ. 43ನೇ ಕಲಂಗೆ ಅಂಟಿಕೊಳ್ಳಿ.

ಟೆಲಿಕಾಂ ಕಾಯ್ದೆ 2023ರ 42ನೇ ಕಲಂ ಕೂಡ ನೋಡಿ. ಅಕ್ರಮವಾಗಿ ಸಂದೇಶ ಕದ್ದು ಕೇಳಿದರೆ ಮೂರು ವರ್ಷದವರೆಗೆ ಜೈಲು, ಎರಡು ಕೋಟಿವರೆಗೆ ದಂಡ, ಅಥವಾ ಎರಡೂ. 2024ರ ಜೂನ್ 26ರಿಂದ ಜಾರಿಯಲ್ಲಿದೆ. ಅದು ಕ್ರಿಮಿನಲ್, ಪೊಲೀಸರಿಗೆ ಮತ್ತೆ ಬರವಣಿಗೆಯಲ್ಲಿ ಕೊಡುವಾಗ ಉಪಯೋಗಕ್ಕೆ ಬರಬಹುದು. ‘ಫ್ಯಾಮಿಲಿ ಮ್ಯಾಟರ್’ ಅಂದರೆ ಹಿಂಬರಹ ಬರೆಸಿಕೊಳ್ಳಿ.

ಹಳೇ_ಪೇಪರ್
ಸರ್ಕಾರವೇ ಕೇಳಿದರೆ?

ಕರಿಕೋಟು_ಧಾರವಾಡ
ಅದಕ್ಕೆ ಬೇರೆ ದಾರಿ, ರಿಟ್. ಅಂದರೆ ಸರ್ಕಾರದ ವಿರುದ್ಧ ನೇರ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿಗೆ ಅರ್ಜಿ. 1996ರ ಡಿಸೆಂಬರ್‌ನಲ್ಲಿ, ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಗೃಹ ಕಾರ್ಯದರ್ಶಿಯ ಆದೇಶ ಬೇಕು, ಪರಿಶೀಲನಾ ಸಮಿತಿ ಬೇಕು ಅಂತ. 2017ರಲ್ಲಿ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕು ಅಂದಿತು. 2019ರಲ್ಲಿ ಬಾಂಬೆ ಹೈಕೋರ್ಟ್ ಅಕ್ರಮ ಟ್ಯಾಪಿಂಗ್ ಆದೇಶ ರದ್ದು ಮಾಡಿ ರೆಕಾರ್ಡಿಂಗ್ ನಾಶ ಮಾಡಿ ಅಂದಿತು. 2025ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಕೂಡ 2011ರ ಒಂದು ಟ್ಯಾಪಿಂಗ್ ಆದೇಶ ರದ್ದು ಮಾಡಿತು.

ಹಳೇ_ಪೇಪರ್
ಪುಟ್ಟಸ್ವಾಮಿ ಅಂದರೆ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 86ನೇ ವಯಸ್ಸಿನಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದವರು. 2024ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ಒಂದು ರಸ್ತೆಯಾದರೂ ಬೇಕಿತ್ತು. ದೇಶದ ಪ್ರತಿಯೊಬ್ಬನ ಹಕ್ಕಿನ ಮೇಲೆ ಅವರ ಹೆಸರಿದೆ.

ಪಶ್ಚಿಮಘಟ್ಟ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಕಾಫಿತೋಟ
ಫೋನ್ ಕಂಪನಿಯವರನ್ನೂ ಸೇರಿಸಬಹುದಾ? ನಕಲಿ ಪತ್ರ ನೋಡಿ ಟ್ಯಾಪ್ ಮಾಡಿದ ಕೇಸೊಂದು ಇತ್ತಲ್ಲ.

ಕರಿಕೋಟು_ಧಾರವಾಡ
ಅಮರ್ ಸಿಂಗ್ ಪ್ರಕರಣ, 2011. ಟ್ಯಾಪ್ ಮಾಡಿ ಅಂತ ಬಂದ ಪತ್ರವೇ ನಕಲಿ, ಅದರ ತುಂಬಾ ತಪ್ಪುಗಳಿದ್ದವು. ಇಂಥ ಪತ್ರ ನೋಡಿದಾಗ ಕಂಪನಿ ಖಚಿತ ಮಾಡಿಕೊಳ್ಳಬೇಕಿತ್ತು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅರ್ಜಿದಾರರು ಸತ್ಯ ಮುಚ್ಚಿಟ್ಟಿದ್ದಾರೆ ಅಂತ ಅರ್ಜಿ ವಜಾ ಆಯಿತು. ತುಂಗಾತೀರ ಅವರ ವಿಷಯದಲ್ಲಿ ಫೋನ್ ಕಂಪನಿಗೆ ಪಾತ್ರ ಇಲ್ಲ. ಸುಮ್ನೆ ಸೇರಿಸಬೇಡಿ, ಕೇಸು ಎಳೆಯುತ್ತದೆ. ಆದರೆ ಆ ಪ್ರಕರಣದಿಂದ ಒಂದು ಪಾಠ ಇದೆ: ದೂರಿನಲ್ಲಿ ಏನನ್ನೂ ಬಚ್ಚಿಡಬೇಡಿ. ಅಕ್ಕ ಯಾವಾಗಲಾದರೂ ಗಂಡನಿಗೆ ಫೋನಿನ ಪಿನ್ ಹೇಳಿದ್ದರೆ ಅದನ್ನೂ ಬರೆಯಿರಿ.

ತುಂಗಾತೀರ
ಪಿನ್ ಅವನಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಅಕ್ಕನೇ ಹೇಳಿದ್ದಳಂತೆ. ಇದರಿಂದ ಕೇಸು ಬೀಳುತ್ತದಾ?

ಗುಬ್ಬಚ್ಚಿ
ಮನೆ ಬೀಗದ ಕೀ ಕೊಟ್ಟ ಮಾತ್ರಕ್ಕೆ ಬೀರು ಒಡೆಯಬಹುದು ಅಂತಲ್ಲವಲ್ಲ!

ಕರಿಕೋಟು_ಧಾರವಾಡ
ಗುಬ್ಬಚ್ಚಿ ಹೇಳಿದ್ದೇ ನಮ್ಮ ವಾದ. ಫೋನ್ ತೆರೆಯಲು ಪಿನ್ ಹೇಳಿದ್ದು, ಗುಟ್ಟಾಗಿ ಆ್ಯಪ್ ಹಾಕಲು ಅನುಮತಿ ಅಲ್ಲ. ಅದಕ್ಕೇ ಇನ್‌ಸ್ಟಾಲ್ ದಿನಾಂಕ ಮುಖ್ಯ. ಅವರು ಬೇರೆಯಾದ ದಿನಕ್ಕಿಂತ ಮುಂಚೆಯಾ, ಆಮೇಲಾ ನೋಡಿ.

ಈಗ ನನಗೆ ಈ ಕೇಸಿನಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದನ್ನು ಹೇಳುತ್ತೇನೆ. ಪೆನ್‌ಡ್ರೈವ್ ಜೊತೆ ಅವನು ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಕೊಟ್ಟಿದ್ದಾನಾ? ಅದರ ನಮೂನೆಯ ಮೊದಲ ಭಾಗದಲ್ಲಿ ಸಾಧನದ ಮೇಕ್, ಮಾಡೆಲ್, ಐಎಂಇಐ, ಹ್ಯಾಷ್ ಮೌಲ್ಯ ಬರೆಯಬೇಕು. ಆ ಸಾಧನ ಕಾನೂನುಬದ್ಧವಾಗಿ ತನ್ನ ಹತೋಟಿಯಲ್ಲಿತ್ತು ಅಂತಲೂ ಹೇಳಿ ಸಹಿ ಹಾಕಬೇಕು. ಅಕ್ಕನ ಫೋನ್ ಅವನ ಹತೋಟಿಯಲ್ಲಿತ್ತು ಅಂತ ಬರೆದರೆ ಸುಳ್ಳು. ತನ್ನ ಕಂಪ್ಯೂಟರ್ ಅಂತ ಬರೆದರೆ, ಅಕ್ಕ ಮತ್ತು ಅಮ್ಮನ ಮಾತು ಅದರೊಳಗೆ ಹೇಗೆ ಬಂತು ಅಂತ ಹೇಳಬೇಕು. ಕೊಡದೇ ಇದ್ದರೆ ಅದನ್ನೇ ಆಕ್ಷೇಪಣೆ ಮಾಡಿ. ಮೂರೂ ನಿಮಗೆ ಉಪಯೋಗ.

ಮೊಬೈಲ್_ರಿಪೇರಿ_ದಾವಣಗೆರೆ
ಅದಕ್ಕೇ ಹೇಳಿದ್ದು ಫೋನ್ ಮುಟ್ಟಬೇಡಿ ಅಂತ. ಆ್ಯಪ್ ಯಾವ ಖಾತೆಗೆ ಫೈಲ್ ಕಳಿಸುತ್ತಿತ್ತು ಅನ್ನೋ ಕುರುಹು ಅದರಲ್ಲೇ ಉಳಿದಿರಬಹುದು.

ನೇರಮಾತು
ಇದು ಒಳ್ಳೆಯ ಅಂಶ. ಒಪ್ಪಿದೆ. ಆದರೆ ಮೊತ್ತ ಹೇಗೆ ಕೇಳುತ್ತೀರಿ? ಬಳೆ ಅಡ ಇಟ್ಟಿದ್ದು ಗೊತ್ತಾದರೆ ರೂಪಾಯಿ ಲೆಕ್ಕದಲ್ಲಿ ನಷ್ಟ ಎಷ್ಟು?

ಕರಿಕೋಟು_ಧಾರವಾಡ
ಕಷ್ಟದ ಪ್ರಶ್ನೆ. 47ನೇ ಕಲಂ ಮೂರು ವಿಷಯ ನೋಡಿ ಅನ್ನುತ್ತದೆ: ತಪ್ಪು ಮಾಡಿದವನಿಗೆ ಆದ ಲಾಭ, ಎದುರಿನವರಿಗೆ ಆದ ನಷ್ಟ, ಎಷ್ಟು ಸಲ ಮಾಡಿದ ಅನ್ನೋದು. ಡಿವೋರ್ಸ್ ಕೇಸಿನಲ್ಲಿ ಎದುರಾಳಿ ವಕೀಲರ ತಯಾರಿ ಕೇಳಿಸಿಕೊಂಡಿದ್ದು ಲಾಭವೇ. ಪ್ರತಿ ಕರೆಯೂ ಒಂದೊಂದು ಸಲ. ಫೊರೆನ್ಸಿಕ್ ಖರ್ಚು, ಹೊಸ ಫೋನ್, ಕೌನ್ಸೆಲಿಂಗ್ ಇದ್ದರೆ ಅದು, ರಸೀದಿ ಇಟ್ಟುಕೊಳ್ಳಿ. ಉಳಿದಿದ್ದಕ್ಕೆ ಪುಟ್ಟಸ್ವಾಮಿ ತೀರ್ಪು ಮುಂದಿಟ್ಟು, ಗುಲಾಟಿ ಪ್ರಕರಣವನ್ನು ದಾರಿ ತೋರುವ ತೀರ್ಪು ಅಂತ ಹೇಳಿ ವಾದ ಮಾಡಬಹುದು. ಇಂಗ್ಲೆಂಡಿನ ತೀರ್ಪನ್ನು ಇಲ್ಲಿ ಪಾಲಿಸಲೇಬೇಕು ಅಂತಿಲ್ಲ, ಆದರೆ ಓದುತ್ತಾರೆ.

ಬೇಏರಿಯಾ_ಕನ್ನಡತಿ
ಅಮ್ಮನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಕರಿಕೋಟು_ಧಾರವಾಡ
ಬರುತ್ತಿದ್ದೆ. 43ನೇ ಕಲಂನ ಮೊದಲ ಭಾಗ ಫೋನಿನ ಮಾಲೀಕರ ಅನುಮತಿ ಬಗ್ಗೆ ಮಾತಾಡುತ್ತದೆ. ಅದು ಅಕ್ಕ. ಆದರೆ ಪರಿಹಾರ ‘ತೊಂದರೆಗೊಳಗಾದ ವ್ಯಕ್ತಿಗೆ’ ಅಂತ ಇದೆ, ಮಾಲೀಕರಿಗೆ ಮಾತ್ರ ಅಂತ ಬರೆದಿಲ್ಲ. ಅಮ್ಮನ ದನಿ, ಅಮ್ಮನ ಸಾಲದ ಗುಟ್ಟು ಅದರಲ್ಲಿದೆ. ಎರಡನೇ ದೂರುದಾರರಾಗಿ ಸೇರಿಸಿ ಅಂತಲೇ ನನ್ನ ಸಲಹೆ. ಎದುರಿನವರು ಆಕ್ಷೇಪಿಸುತ್ತಾರೆ. ಆಕ್ಷೇಪಿಸಲಿ, ಆದೇಶ ಬರಲಿ.

ಸಿಲಿಕಾನ್_ಸಿಂಗಾರಿ
ಕೊರಿಯರ್‌ನವರು ಅಂತ ಹೇಳಿ *401# ಒತ್ತಿಸಿ ಕರೆಗಳನ್ನು ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರಲ್ಲ, ನಮ್ಮ ಮಾವನವರಿಗೆ ಹಾಗೆ ಆಗಿತ್ತು. ಅದೂ 43ರಲ್ಲಿ ಬರುತ್ತದಾ?

ಮೊಬೈಲ್_ರಿಪೇರಿ_ದಾವಣಗೆರೆ
ಅದನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಿ ಅಂತ ಸರ್ಕಾರ ಫೋನ್ ಕಂಪನಿಗಳಿಗೆ ಆದೇಶ ಮಾಡಿತ್ತು. ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇರೆ ಎಳೆ ಶುರು ಮಾಡಿ, ಇಲ್ಲಿ ಕಳೆದುಹೋಗುತ್ತದೆ.

ತುಂಗಾತೀರ
ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕನ ವಕೀಲರ ಜೊತೆ ಕೂತು ಇದನ್ನೆಲ್ಲ ಓದಿದೆವು. 63ನೇ ಕಲಂ ಪ್ರಮಾಣಪತ್ರ ಅವನು ಕೊಟ್ಟಿಲ್ಲ. ಫೋನ್ ಇಮೇಜ್ ಮಾಡಿಸಲು ಕೊಟ್ಟಿದ್ದೇವೆ. ಆ್ಯಪ್ ಇನ್‌ಸ್ಟಾಲ್ ಆಗಿದ್ದು ಅಕ್ಕ ತವರಿಗೆ ಬಂದ ಮೇಲೆ, ಮಗುವಿನ ಬಟ್ಟೆ ತರಲು ಆ ಮನೆಗೆ ಹೋಗಿದ್ದ ದಿನ. ಫೋನ್ ಚಾರ್ಜಿಗೆ ಹಾಕಿದ್ದಳಂತೆ.

ಅಮ್ಮನನ್ನು ಕೇಳಿದೆ, ನೀನೂ ಸಹಿ ಹಾಕುತ್ತೀಯಾ ಅಂತ. ಅಪ್ಪನಿಗೆ ಬಳೆ ವಿಷಯ ನಾನೇ ಮೊದಲು ಹೇಳುತ್ತೇನೆ, ಆಮೇಲೆ ಹಾಕುತ್ತೇನೆ ಅಂದಳು.

ಗುಬ್ಬಚ್ಚಿ
ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ನೇರಮಾತು
ಆದೇಶ ಏನೇ ಬರಲಿ, ಇಲ್ಲಿ ಬರೆಯಿರಿ. ನಾನು ಕೇಳಿದ ಉದಾಹರಣೆ ನೀವೇ ಆಗಬಹುದು.

ಕರಿಕೋಟು_ಧಾರವಾಡ
ಆ ದಿನಾಂಕ ನಿಮಗೆ ದೊಡ್ಡ ಬಲ. ಆ ದಿನ ಅಕ್ಕ ಆ ಮನೆಗೆ ಹೋಗಿದ್ದಕ್ಕೆ ಆಟೋ ಅಥವಾ ಕ್ಯಾಬ್ ಬಿಲ್ ಇದ್ದರೆ ಹುಡುಕಿ. ಪೆನ್‌ಡ್ರೈವ್‌ನ ಪ್ರತಿ ಮತ್ತು ಅದರ ಜೊತೆಗಿನ ಅರ್ಜಿಗೆ ಸರ್ಟಿಫೈಡ್ ಕಾಪಿ ಹಾಕಿ. ಮೂಲ ಫೈಲ್ ಯಾವ ಸಾಧನದಲ್ಲಿದೆ, ಅದನ್ನು ಹಾಜರುಪಡಿಸಿ, ಅಳಿಸಬೇಡಿ ಅಂತ ಮೊದಲ ದೂರಿನಲ್ಲೇ ಮಧ್ಯಂತರ ಆದೇಶ ಕೇಳಿ. ಆಮೇಲೆ ಕೇಳೋಣ ಅಂತ ಬಿಟ್ಟರೆ ಅಷ್ಟರಲ್ಲಿ ಆ ಕಂಪ್ಯೂಟರ್ ರಿಪೇರಿಗೆ ಹೋಗಿರುತ್ತದೆ.